ವಿಧಿಗೆ ಸಾಕ್ಷಿ ಹೇಳುವವರು

ಕಥೆಯ ಕೊನೆ ಮೊದಲೇ ತಿಳಿದುಬಿಟ್ಟರೆ ಕೇಳುವವರ ಆಸಕ್ತಿ ಕುಗ್ಗುತ್ತದೆ ಎಂಬ ಅಭಿಪ್ರಾಯ ಬಹುಮಟ್ಟಿಗೆ ಪತ್ತೇದಾರಿ ಕಾದಂಬರಿಗಳ ಓದಿನಿಂದ ಹುಟ್ಟಿದ್ದು; ಅಭಿಜಾತ ಕೃತಿಗಳ ಅನುಭವ ಅದನ್ನು ಸಮರ್ಥಿಸುವುದಿಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಅಥೆನ್ಸಿನಲ್ಲಿ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತ ಪ್ರೇಕ್ಷಕರಿಗೆ ಈಡಿಪಸ್ ಯಾರ ಮಗ, ಯಾರನ್ನು ಕೊಂದವನು, ಯಾರನ್ನು ವರಿಸಿದವನು ಎಂಬುದೆಲ್ಲ ನಾಟಕ ಆರಂಭವಾಗುವ ಮೊದಲೇ ಗೊತ್ತಿತ್ತು. ಕರ್ನಾಟಕದ ಕರಾವಳಿಯ ತಾಳಮದ್ದಳೆಯಲ್ಲಿ ಕರ್ಣಪರ್ವದ ಪ್ರಸಂಗ ನಡೆಯುವಾಗಲೂ ಇದೇ ಸ್ಥಿತಿ: ಕರ್ಣನ ರಥದ ಗಾಲಿ ನೆಲದಲ್ಲಿ ಹೂತುಹೋಗುತ್ತದೆ ಎಂಬುದು ತಿಳಿಯದವರು ಆ ಚಾವಡಿಯಲ್ಲಿ ಇರುವುದಿಲ್ಲ, ಆದರೂ ಅರ್ಥಧಾರಿಗಳ ವಾದಸರಣಿ ಕೇಳುಗರನ್ನು ಹೊತ್ತುಮೀರಿದ ಮೇಲೂ ಕದಲಗೊಡುವುದಿಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಇಲ್ಲಿ ಅಷ್ಟು ಅವಕಾಶವಿಲ್ಲ. ಆಗಿಯೇ ತೀರಬೇಕಾದದ್ದು ಯಾರ ಮಾತಿನಿಂದ, ಯಾರ ಮೌನದಿಂದ, ಯಾವ ಗಳಿಗೆಯ ತಪ್ಪು ತಿಳಿವಳಿಕೆಯಿಂದ ಆಗುತ್ತದೆ ಎಂಬ ಆತಂಕವೇ ಇಲ್ಲಿ ಕೇಳುಗರನ್ನು ಹಿಡಿದು ನಿಲ್ಲಿಸುತ್ತದೆ.

ಸಾಹಿತ್ಯ ವಿಮರ್ಶೆಯಲ್ಲಿ ‘ನಿರೂಪಕ’ ಎಂದರೆ ಕೃತಿಯೊಳಗಿದ್ದು ಕಥೆ ಹೇಳುವ ವ್ಯಕ್ತಿ. ಅವನು ಲೇಖಕನಲ್ಲ, ಲೇಖಕ ಸೃಷ್ಟಿಸಿದ ಪಾತ್ರಗಳಲ್ಲಿ ಒಂದು ಪಾತ್ರ. ಹೀಗೆ ಕಥೆ ಹೇಳುವವನ ತಿಳಿವಳಿಕೆ ಅಥವಾ ಮೌಲ್ಯಪ್ರಜ್ಞೆ ಕೃತಿಯ ಒಟ್ಟು ಧೋರಣೆಯಿಂದ ದೂರ ಸರಿದಿದ್ದು, ಅವನು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಲು ಓದುಗರಿಗೆ ಸಾಧ್ಯವಾಗದೆ ಹೋದಾಗ ಅವನನ್ನು ‘ನಂಬಲಾಗದ ನಿರೂಪಕ’ ಎಂದು ಕರೆಯುವ ರೂಢಿ ಬಂದದ್ದು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಪ್ರಕಟಿಸಿದ ‘ದ ರೆಟರಿಕ್ ಆಫ್ ಫಿಕ್ಷನ್’ ಎಂಬ ಗ್ರಂಥದಿಂದ. ಹೆಸರು ಹೊಸದಾದರೂ ಸಂಗತಿ ಬಹಳ ಹಳೆಯದು. ಇಂಥ ನಿರೂಪಕ ಸುಳ್ಳುಗಾರನೇ ಆಗಿರಬೇಕೆಂದಿಲ್ಲ: ಅವನು ಅರ್ಧ ಕಂಡವನಾಗಿರಬಹುದು, ಕಂಡದ್ದನ್ನು ತಪ್ಪಾಗಿ ಅರ್ಥಮಾಡಿಕೊಂಡವನಾಗಿರಬಹುದು, ಸರಿಯಾಗಿ ಅರ್ಥಮಾಡಿಕೊಂಡೂ ಹೇಳಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡವನೂ ಆಗಿರಬಹುದು. ಈ ಮೂರನೆಯ ಬಗೆಯವನೇ ಎಲ್ಲರಿಗಿಂತ ಅಪಾಯಕಾರಿ ಎಂಬುದು ಮುಂದಿನ ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ.

ವಿಧಿಯೆಂಬುದು ಇದಕ್ಕೆ ತೀರ ವಿರುದ್ಧವಾದದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ನಿರೂಪಕನ ಮಾತು ಅನಿಶ್ಚಿತ, ವಿಧಿಯ ನಿರ್ಣಯ ನಿಶ್ಚಿತ. ಒಂದನ್ನು ಸಂದೇಹಿಸಬಹುದು, ಇನ್ನೊಂದನ್ನು ತಪ್ಪಿಸುವಂತಿಲ್ಲ. ಆದರೆ ದೊಡ್ಡ ಕೃತಿಗಳನ್ನು ಹತ್ತಿರದಿಂದ ನೋಡಿದರೆ ಇವೆರಡೂ ಒಂದರ ಕೈಯನ್ನು ಇನ್ನೊಂದು ಹಿಡಿದೇ ನಡೆಯುತ್ತವೆ. ವಿಧಿ ತನ್ನ ಕಾರ್ಯವನ್ನು ಪೂರೈಸಿಕೊಳ್ಳುವುದು ಸಿಡಿಲು ಭೂಕಂಪಗಳಿಂದ ಎನ್ನುವುದಕ್ಕಿಂತ ಯಾರೋ ಒಬ್ಬರು ಅರೆಬರೆಯಾಗಿ ಹೇಳಿದ ಸುದ್ದಿಯಿಂದ. ಮತ್ತು ಆ ಸುದ್ದಿ ಹೇಳಿದವರು ತಮ್ಮ ಪಾಲಿನ ಹೊಣೆಯನ್ನು ಇಳಿಸಿಕೊಳ್ಳಲು ಕೊನೆಗೆ ಬೊಟ್ಟುಮಾಡಿ ತೋರಿಸುವುದೂ ವಿಧಿಯನ್ನೇ.

ಸೊಫೊಕ್ಲಿಸನ ‘ಈಡಿಪಸ್’ ನಾಟಕದಲ್ಲಿ ನಿರೂಪಕನಿಲ್ಲ, ಏಕೆಂದರೆ ಅದು ನಾಟಕ. ಆದರೆ ಪಿ. ಲಂಕೇಶರ ಅನುವಾದದ ಮೂಲಕ ಕನ್ನಡದ ಓದುಗರಿಗೂ ಪರಿಚಿತವಾಗಿರುವ ಈ ಕೃತಿಯ ಇಡೀ ಕಟ್ಟಡ ನಿಂತಿರುವುದು ರಂಗದ ಆಚೆ, ಬಹಳ ಹಿಂದೆ, ಒಬ್ಬ ಮನುಷ್ಯ ಕೊಟ್ಟ ವರದಿಯ ಮೇಲೆ. ಥೀಬ್ಸ್ ನಗರವನ್ನು ಪಿಡುಗು ಕಾಡುತ್ತಿದೆ. ಹಿಂದಿನ ದೊರೆ ಲಾಯಸನ ಕೊಲೆಗಾರ ಊರಿನಲ್ಲೇ ಇದ್ದಾನೆ, ಅವನನ್ನು ಹೊರಗಟ್ಟಿದರೆ ಪಿಡುಗು ತೊಲಗುತ್ತದೆ ಎಂಬ ಡೆಲ್ಫಿಯ ದೇವವಾಣಿಯನ್ನು ರಾಣಿಯ ಸೋದರ ಕ್ರಿಯಾನ್ ಹೊತ್ತು ತರುತ್ತಾನೆ. ಕೊಲೆಯನ್ನು ಕಂಡವರು ಯಾರೂ ಇಲ್ಲವೇ ಎಂದು ಈಡಿಪಸ್ ಕೇಳಿದಾಗ ಬರುವ ಉತ್ತರ ಇಷ್ಟು: ದೊರೆಯ ಪರಿವಾರದಲ್ಲಿ ಒಬ್ಬನೇ ಬದುಕಿ ಓಡಿಬಂದ, ಅವನು ಹೇಳಿದ ಪ್ರಕಾರ ಕೊಂದದ್ದು ಒಬ್ಬನಲ್ಲ, ದರೋಡೆಕೋರರ ಗುಂಪು. ಅಚ್ಚರಿಯೆಂದರೆ ಇದನ್ನು ಕೇಳಿದ ಮರುಕ್ಷಣ ಈಡಿಪಸ್ ಆಡುವ ಮಾತಿನಲ್ಲಿ ‘ದರೋಡೆಕೋರ’ ಏಕವಚನವಾಗಿಬಿಡುತ್ತಾನೆ. ಸಾಕ್ಷಿ ಬಹುವಚನದಲ್ಲಿ ಹೇಳಿದ್ದನ್ನು ದೊರೆಯ ನಾಲಗೆ ತನಗರಿವಿಲ್ಲದೆ ತಿದ್ದುತ್ತದೆ. ಪ್ರೇಕ್ಷಕರ ಮೈಯಲ್ಲಿ ಮೊದಲ ನಡುಕ ಹುಟ್ಟುವುದು ಈ ಒಂದು ವಚನ ವ್ಯತ್ಯಾಸದಿಂದ.

ಪಾತ್ರಕ್ಕೆ ತಿಳಿಯದ ಸಂಗತಿ ಪ್ರೇಕ್ಷಕರಿಗೆ ತಿಳಿದಿದ್ದು, ಅದರಿಂದ ಪಾತ್ರದ ಮಾತಿಗೆ ಅದು ಉದ್ದೇಶಿಸದ ಇನ್ನೊಂದು ಅರ್ಥ ಬರುವುದನ್ನು ‘ನಾಟಕೀಯ ವ್ಯಂಗ್ಯ’ ಎನ್ನುತ್ತಾರೆ. ಅದಕ್ಕೆ ಈ ನಾಟಕವನ್ನೇ ಉದಾಹರಣೆಯಾಗಿ ಕೊಡುವುದು ವಾಡಿಕೆ. ಆದರೆ ವ್ಯಂಗ್ಯದ ಆಚೆಗೂ ಇಲ್ಲೊಂದು ಲೆಕ್ಕಾಚಾರವಿದೆ. ಕುರುಡ ಪ್ರವಾದಿ ಟೈರೀಸಿಯಸ್ ಬಂದು ಕೊಲೆಗಾರ ನೀನೇ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿಬಿಡುತ್ತಾನೆ. ಸತ್ಯ ಹೇಳಿದ ಅವನನ್ನು ಸಂಚುಗಾರನೆಂದು ಬೈದು ಕಳಿಸಲಾಗುತ್ತದೆ. ಓಡಿಬಂದ ಸೇವಕನ ಸುಳ್ಳನ್ನಾದರೋ ಇಡೀ ನಗರ ನಂಬಿದೆ. ರಾಣಿ ಜೊಕಾಸ್ಟಾ ಗಂಡನನ್ನು ಸಮಾಧಾನಪಡಿಸಲು ಹೋಗಿ, ದೇವವಾಣಿಗಳೆಲ್ಲ ಪೊಳ್ಳು, ಲಾಯಸ್ ಮಗನ ಕೈಯಲ್ಲಿ ಸಾಯುತ್ತಾನೆಂದು ಹೇಳಿದ್ದರೂ ಅವನು ಸತ್ತದ್ದು ಮೂರು ದಾರಿ ಕೂಡುವಲ್ಲಿ ದರೋಡೆಕೋರರಿಂದ ಎಂದು ನುಡಿದಾಗ, ಆ ಮೂರು ದಾರಿಯ ಮಾತೇ ಈಡಿಪಸನ ಎದೆಗೆ ನಾಟುತ್ತದೆ, ಏಕೆಂದರೆ ಅಂಥದೇ ಜಾಗದಲ್ಲಿ ಅವನು ಒಬ್ಬ ಮುದುಕನನ್ನೂ ಅವನ ಪರಿವಾರವನ್ನೂ ಹೊಡೆದುಹಾಕಿದ್ದ. ಆಗ ಅವನಿಗೆ ಉಳಿಯುವ ಏಕೈಕ ಆಸರೆ ಆ ಸೇವಕನ ಲೆಕ್ಕ. ಅವನು ಈಗಲೂ ಹಲವರೆಂದೇ ಹೇಳಿದರೆ ತಾನು ನಿರಪರಾಧಿ, ಒಂದು ಎಂದಿಗೂ ಹಲವಾಗಲಾರದು ಎಂದು ಈಡಿಪಸ್ ವಾದಿಸುತ್ತಾನೆ. ಊರೆಲ್ಲ ಕೇಳಿದ ಮಾತು, ಅವನು ಹಿಂತೆಗೆದುಕೊಳ್ಳುವಂತಿಲ್ಲ ಎಂದು ಜೊಕಾಸ್ಟಾ ಧೈರ್ಯ ಹೇಳುತ್ತಾಳೆ. ದೇವರ ಮಾತಿಗೂ ಒಬ್ಬ ಹೇಡಿ ಸೇವಕನ ಮಾತಿಗೂ ನಡುವೆ ಒಬ್ಬ ದೊರೆಯ ಜೀವ ತೂಗುತ್ತಿರುವ ಈ ಭಾಗ ಜಗತ್ತಿನ ನಾಟಕ ಸಾಹಿತ್ಯದಲ್ಲೇ ಅತ್ಯಂತ ಬಿಗಿಯಾದದ್ದೆಂದರೆ ಅತಿಶಯೋಕ್ತಿಯಾಗದು.

ಆ ಸೇವಕ ಸುಳ್ಳು ಹೇಳಿದ್ದೇಕೆ ಎಂಬುದಕ್ಕೆ ನಾಟಕ ಕಾರಣ ಕೊಡುವುದಿಲ್ಲ. ಒಬ್ಬನೇ ಒಬ್ಬ ಹೊಡೆದು ಹಾಕುವಾಗ ಪರಿವಾರದವನೊಬ್ಬ ಓಡಿಬಂದ ಎಂಬುದಕ್ಕಿಂತ ಗುಂಪಿನಿಂದ ತಪ್ಪಿಸಿಕೊಂಡ ಎಂಬುದು ಮರ್ಯಾದೆಯ ಮಾತೆಂದು ಅವನಿಗೆ ತೋರಿರಬೇಕು. ಊರಿಗೆ ಮರಳಿ ಈಡಿಪಸ್ ಸಿಂಹಾಸನದಲ್ಲಿರುವುದನ್ನು ಕಂಡವನೇ, ನಗರ ಕಣ್ಣಿಗೆ ಬೀಳದಷ್ಟು ದೂರದ ಹುಲ್ಲುಗಾವಲಿಗೆ ತನ್ನನ್ನು ಕಳಿಸಬೇಕೆಂದು ರಾಣಿಯ ಕೈ ಹಿಡಿದು ಬೇಡಿಕೊಳ್ಳುತ್ತಾನೆ. ಗೊತ್ತಿದ್ದೂ ಹೇಳದವನ ಲಕ್ಷಣವಿದು. ಇದೇ ಮನುಷ್ಯ ಎಷ್ಟೋ ವರ್ಷಗಳ ಹಿಂದೆ, ಕಾಡಿನಲ್ಲಿ ಬಿಟ್ಟುಬರಬೇಕೆಂದು ತನಗೆ ಒಪ್ಪಿಸಿದ್ದ ಹಸುಗೂಸನ್ನು ಮರುಕದಿಂದ ಕೊರಿಂತಿನ ಕುರುಬನಿಗೆ ಕೊಟ್ಟು, ಮಗು ಸತ್ತಿತೆಂದೇ ತಂದೆತಾಯಿ ನಂಬಿಕೊಳ್ಳಲು ಬಿಟ್ಟಿದ್ದ. ಆ ಎರಡು ಸಂದರ್ಭಗಳಲ್ಲಿ ಒಂದರಲ್ಲಾದರೂ ಅವನು ನಿಜ ಹೇಳಿದ್ದರೆ ದೇವವಾಣಿ ನಿಜವಾಗಲು ದಾರಿ ಕಷ್ಟವಿತ್ತು. ಕೊನೆಗೆ ಅವನನ್ನು ರಂಗಕ್ಕೆ ಎಳೆತಂದಾಗ, ಕೊಲೆಗಾರರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ! ಅಷ್ಟರಲ್ಲಿ ವಿಚಾರಣೆ ಕೊಲೆಯಿಂದ ಹುಟ್ಟಿನ ಕಡೆಗೆ ಹೊರಳಿಬಿಟ್ಟಿದೆ. ಲಾಯಸ್ ಸತ್ತ ಬಗೆ ಈಡಿಪಸನಿಗೆ ಇಷ್ಟು ಕಾಲ ತಿಳಿಯದಿದ್ದದ್ದು ಅಸಂಭಾವ್ಯವೆಂಬುದನ್ನು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಗಮನಿಸಿ, ಅದು ನಾಟಕದ ಕ್ರಿಯೆಯ ಹೊರಗಿರುವುದರಿಂದ ಕ್ಷಮ್ಯವೆಂದಿದ್ದ. 1719ರಲ್ಲಿ ವಾಲ್ಟೇರ್ ಅಷ್ಟು ಉದಾರನಾಗಿರಲಿಲ್ಲ. ಇಬ್ಬರೂ ಇದನ್ನು ದೋಷದ ಲೆಕ್ಕಕ್ಕೆ ಬರೆದುಕೊಂಡದ್ದು ಕುತೂಹಲಕರ. ಊರಿಗೆ ಊರೇ ಒಂದು ಸುಳ್ಳು ವರದಿಯನ್ನು ಕೆದಕದೆ ಅದರ ಮೇಲೆ ಸಂಸಾರ ಹೂಡಿ ಕುಳಿತಿತ್ತು ಎಂಬುದು ದೋಷಕ್ಕಿಂತ ಹೆಚ್ಚಾಗಿ ನಾಟಕದ ವಸ್ತುವೇ ಆಗಿದೆ.

ಭಾರತೀಯ ಪರಂಪರೆಯಲ್ಲಿ ಮಹಾಭಾರತ ಈ ಸಮಸ್ಯೆಯನ್ನು ತಿರುಗುಮುರುಗಾಗಿಸಿ ತೋರಿಸುತ್ತದೆ. ವ್ಯಾಸರಿಂದ ದಿವ್ಯದೃಷ್ಟಿ ಪಡೆದ ಸಂಜಯ ನಂಬಲರ್ಹ ನಿರೂಪಕ. ಅವನು ರಣರಂಗದಿಂದ ಬಂದು ಭೀಷ್ಮ ಬಿದ್ದ ಸುದ್ದಿಯನ್ನು ಮೊದಲು ಹೇಳಿ, ಅನಂತರ ಯುದ್ಧದ ಮೊದಲ ದಿನದಿಂದ ಕಥೆ ಎತ್ತಿಕೊಳ್ಳುತ್ತಾನೆ. ನಂಬಲಾಗದವನು ಇಲ್ಲಿ ಕೇಳುಗ. ಧೃತರಾಷ್ಟ್ರ ಒಂದೊಂದು ಸಾವಿಗೂ ದೈವವೇ ಬಲವತ್ತರವೆಂದು ನಿಟ್ಟುಸಿರಿಟ್ಟಾಗ, ಇದು ನಿನ್ನದೇ ತಪ್ಪಿನ ಫಲ, ಅನುಭವಿಸು ಎಂದು ಸಂಜಯ ನಿಷ್ಠುರವಾಗಿ ತಿದ್ದುತ್ತಾನೆ. ದ್ರೋಣವಧೆಯ ಸಂದರ್ಭವಂತೂ ಇನ್ನೂ ಸೂಕ್ಷ್ಮವಾದದ್ದು. ದ್ರೋಣನನ್ನು ಕೊಲ್ಲಲೆಂದೇ ಯಜ್ಞಕುಂಡದಿಂದ ಧೃಷ್ಟದ್ಯುಮ್ನ ಹುಟ್ಟಿಬಂದಿದ್ದಾನೆ. ಆದ್ದರಿಂದ ಅಂತ್ಯ ನಿಶ್ಚಿತ. ಆದರೂ ಆ ನಿಶ್ಚಿತ ಅಂತ್ಯ ಸಿದ್ಧಿಸಲು ಮೂರು ಲೋಕದ ರಾಜ್ಯಕ್ಕೂ ಸುಳ್ಳಾಡನೆಂದು ಹೆಸರಾದ ಧರ್ಮರಾಯ ಅಶ್ವತ್ಥಾಮ ಹತನಾದನೆಂದು ಗಟ್ಟಿಯಾಗಿಯೂ, ಹತವಾದದ್ದು ಆನೆಯೆಂಬುದನ್ನು ಕೇಳಿಸದಂತೆಯೂ ನುಡಿಯಬೇಕಾಗುತ್ತದೆ. ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಸಾಗುತ್ತಿದ್ದ ಅವನ ರಥ ಆಗ ನೆಲ ಮುಟ್ಟುತ್ತದೆ. ನಂಬಲರ್ಹನೆಂಬ ಕೀರ್ತಿಯೇ ಇಲ್ಲಿ ಆಯುಧವಾಗಿದೆ. ವಿಧಿ ಬರೆದಿಟ್ಟದ್ದನ್ನು ಪೂರೈಸಲು ಮನುಷ್ಯನ ಅರ್ಧಸತ್ಯವೇ ಬೇಕಾಯಿತೆಂಬುದನ್ನು ಮಹಾಕಾವ್ಯ ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ.

ಕಾದಂಬರಿಯ ಯುಗಕ್ಕೆ ಬಂದರೆ ಈ ಅರ್ಧಸತ್ಯ ರಣರಂಗವನ್ನು ಬಿಟ್ಟು ಅಡುಗೆಮನೆಯನ್ನು ಹೊಗುತ್ತದೆ. ಎಮಿಲಿ ಬ್ರಾಂಟೆ 1847ರ ಕೊನೆಯಲ್ಲಿ ಎಲ್ಲಿಸ್ ಬೆಲ್ ಎಂಬ ಗುಪ್ತನಾಮದಿಂದ ಪ್ರಕಟಿಸಿದ ‘ವದರಿಂಗ್ ಹೈಟ್ಸ್’ ಇಂಗ್ಲೆಂಡಿನ ಯಾರ್ಕ್‌ಶೈರಿನ ಬರಡು ಬಯಲಿನ ಎರಡು ಮನೆಗಳ ಕಥೆ. ಇದನ್ನು ಬರೆದುಕೊಳ್ಳುವವನು ಲಾಕ್‌ವುಡ್ ಎಂಬ ಬಾಡಿಗೆದಾರ. ಅವನಿಗೆ ಹೇಳುವವಳು ನೆಲ್ಲಿ ಡೀನ್ ಎಂಬ ಮನೆವಾರ್ತೆಯವಳು. ಒಂದು ಕಥೆಯ ಹೊರಗೆ ಇನ್ನೊಬ್ಬರ ಕಥನವನ್ನು ಅಂಚುಕಟ್ಟಿದಂತೆ ಕೂರಿಸುವ ಈ ವಿಧಾನಕ್ಕೆ ‘ಚೌಕಟ್ಟಿನ ಕಥನ’ ಎನ್ನುತ್ತಾರೆ. ಲಾಕ್‌ವುಡ್ ಎಷ್ಟು ನಂಬಲರ್ಹನೆಂಬುದನ್ನು ಲೇಖಕಿ ಮೊದಲ ಪುಟಗಳಲ್ಲೇ ಹಾಸ್ಯವಾಗಿ ಸೂಚಿಸುತ್ತಾಳೆ: ಅವನು ಸತ್ತ ಮೊಲಗಳ ರಾಶಿಯನ್ನು ಸಾಕಿದ ಬೆಕ್ಕುಗಳೆಂದು ತಿಳಿಯುತ್ತಾನೆ, ಮನೆಯ ಸೊಸೆಯನ್ನು ಯಜಮಾನನ ಹೆಂಡತಿಯೆಂದು ಭಾವಿಸಿ ಮಾತಾಡುತ್ತಾನೆ. ಕಂಡದ್ದನ್ನೇ ತಪ್ಪಾಗಿ ಕಾಣುವ ಇವನನ್ನು ಓದುಗರು ಬೇಗ ಅಳೆದುಬಿಡುತ್ತಾರೆ. ಆ ಎಚ್ಚರವೆಲ್ಲ ಇವನ ಮೇಲೆಯೇ ವ್ಯಯವಾಗಿ, ನೆಲ್ಲಿ ಡೀನ್ ಕೈಗೆ ಹೊಲಿಗೆ ತೆಗೆದುಕೊಂಡು ಕಥೆ ಆರಂಭಿಸಿದಾಗ ಅವಳನ್ನು ಪೂರ್ತಿ ನಂಬಿಬಿಡುತ್ತಾರೆ.

ನಂಬದೆ ಇರುವುದು ಸುಲಭವೂ ಅಲ್ಲ. ಅವಳು ವಿವೇಕವಂತೆ, ಪುಸ್ತಕ ಓದಿದವಳು, ಮಕ್ಕಳನ್ನು ಎತ್ತಿ ಆಡಿಸಿದವಳು. 1850ರ ಮರುಮುದ್ರಣಕ್ಕೆ ಮುನ್ನುಡಿ ಬರೆದ ಅಕ್ಕ ಶಾರ್ಲೆಟ್ ಬ್ರಾಂಟೆಯೇ ನೆಲ್ಲಿಯನ್ನು ನಿಜವಾದ ಕಾರುಣ್ಯಕ್ಕೂ ಮನೆನಿಷ್ಠೆಗೂ ಮಾದರಿಯೆಂದು ಎತ್ತಿಹಿಡಿದಳು. ಆದರೆ ಅವಳು ಮಾಡಿದ್ದೇನೆಂಬುದನ್ನು, ಅವಳೇ ಹೇಳಿದ ಮಾತುಗಳಿಂದ ಹೆಕ್ಕಿ ತೆಗೆದು ನೋಡಬೇಕು. ಬೀದಿಯಲ್ಲಿ ಸಿಕ್ಕ ಅನಾಥ ಬಾಲಕ ಹೀತ್‌ಕ್ಲಿಫ್‌ನನ್ನು ಆಗಿನ ಯಜಮಾನ ಮನೆಗೆ ತಂದ ರಾತ್ರಿ, ಬೆಳಗಾಗುವುದರೊಳಗೆ ಎಲ್ಲಾದರೂ ಹೋಗಿಬಿಟ್ಟರೆ ಸಾಕೆಂದು ಅವನನ್ನು ಮೆಟ್ಟಿಲ ತಿರುವಿನಲ್ಲಿ ಬಿಟ್ಟವಳು ಅವಳು. ಅದಾದರೂ ಬಾಲಬುದ್ಧಿಯೆನ್ನಬಹುದು. ಕಾದಂಬರಿಯ ನಡುಗಂಬವಾದ ಘಟನೆ ಅಡುಗೆಮನೆಯಲ್ಲಿ ನಡೆಯುತ್ತದೆ. ನೆರೆಮನೆಯ ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ಒಪ್ಪಿಬಂದ ಯಜಮಾನನ ಮಗಳು ಕ್ಯಾಥರಿನ್, ಮಗುವನ್ನು ತೂಗುತ್ತ ಕುಳಿತ ನೆಲ್ಲಿಯೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಾಳೆ. ಎತ್ತರದ ಒರಗುಬೆಂಚಿನ ಮರೆಯಲ್ಲಿ ಹೀತ್‌ಕ್ಲಿಫ್ ಇರುವುದು ಕ್ಯಾಥರಿನ್‌ಳಿಗೆ ತಿಳಿಯದು. ಈಗಿನ ಸ್ಥಿತಿಯಲ್ಲಿ ಅವನನ್ನು ಮದುವೆಯಾದರೆ ತನಗೆ ಹೀನಾಯವೆಂದು ಅವಳು ಹೇಳುವವರೆಗೆ ಅವನು ಕೇಳಿಸಿಕೊಳ್ಳುತ್ತಾನೆ, ಎದ್ದು ಸದ್ದಿಲ್ಲದೆ ಹೊರಟುಹೋಗುತ್ತಾನೆ. ಅವನೂ ತಾನೂ ಒಂದೇ ಜೀವವೆಂದು ಅವಳು ಅನಂತರ ಆಡುವ ಮಾತುಗಳು ಅವನ ಕಿವಿಗೆ ಬೀಳುವುದೇ ಇಲ್ಲ.

ಇದನ್ನು ವಿಧಿಯ ಆಟವೆಂದು ಹೇಳಿಬಿಡುವುದು ಸುಲಭ, ಬಹುತೇಕ ಓದುಗರು ಹಾಗೆಯೇ ಹೇಳಿದ್ದಾರೆ. ಆದರೆ ಅವನು ಎದ್ದು ಹೋದದ್ದನ್ನು ನೆಲ್ಲಿ ತನ್ನ ಕಣ್ಣಾರೆ ಕಂಡಳು. ಬೆಚ್ಚಿ ಕ್ಯಾಥರಿನ್‌ಳನ್ನು ಸುಮ್ಮನಿರಿಸಲು ಯತ್ನಿಸಿದಳು. ಏಕೆಂದು ಕೇಳಿದರೆ, ಆಳು ಜೋಸೆಫ್‌ನ ಗಾಡಿ ಬಂತು, ಹೀತ್‌ಕ್ಲಿಫ್‌ನೂ ಜೊತೆಗೆ ಬಂದಾನು, ಈಗಲೇ ಬಾಗಿಲಲ್ಲಿದ್ದನೋ ಏನೋ ಎಂದು ಅನುಮಾನದ ಮಾತಾಗಿ ತೇಲಿಸಿದಳು. ಅವನು ಬಹುಪಾಲು ಕೇಳಿಸಿಕೊಂಡನೆಂಬ ನಿಜ ಅವಳ ಬಾಯಿಂದ ಹೊರಡುವುದು ಊಟದ ಹೊತ್ತಿಗೆ, ಅವನು ಎಷ್ಟು ಕರೆದರೂ ಸಿಗದಿದ್ದಾಗ. ಆ ರಾತ್ರಿಯ ಬಿರುಮಳೆಯಲ್ಲಿ ನೆನೆದು ಕ್ಯಾಥರಿನ್ ಜ್ವರ ಹಿಡಿದು ಮಲಗುತ್ತಾಳೆ. ಹೀತ್‌ಕ್ಲಿಫ್ ಮೂರು ವರ್ಷಗಳಿಗೂ ಮೀರಿ ಕಣ್ಮರೆಯಾಗಿ, ಹಣವಂತನಾಗಿ, ಸೇಡಿನ ಮನುಷ್ಯನಾಗಿ ಮರಳುತ್ತಾನೆ. ಎರಡು ಮನೆತನಗಳ ನಾಶಕ್ಕೆ ಮೂಲವಾದದ್ದು ಕೆಲವು ಗಂಟೆಗಳ ಕಾಲ ಒಬ್ಬ ಹೆಂಗಸು ಹೇಳದೆ ಉಳಿಸಿಕೊಂಡ ಒಂದು ವಾಕ್ಯ.

ಅದು ಅಲ್ಲಿಗೇ ನಿಲ್ಲುವುದಿಲ್ಲ. ಮದುವೆಯ ನಂತರ ಗಂಡನೊಡನೆ ಜಗಳವಾಡಿ ಕ್ಯಾಥರಿನ್ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಉಪವಾಸವಿದ್ದಾಗ, ಅದು ಬರಿಯ ನಟನೆಯೆಂದು ತೀರ್ಮಾನಿಸಿದ ನೆಲ್ಲಿ ಅತ್ತ ಎಡ್ಗರ್‌ನಿಗೆ ಹೆಂಡತಿಯ ಸ್ಥಿತಿಯನ್ನು ತಿಳಿಸುವುದಿಲ್ಲ. ಇತ್ತ ಕ್ಯಾಥರಿನ್‌ಳಿಗೆ, ಗಂಡ ಪುಸ್ತಕಗಳ ನಡುವೆ ಆರಾಮವಾಗಿದ್ದಾನೆಂದು ಹೇಳುತ್ತಾಳೆ. ಬಾಗಿಲು ತೆರೆಯುವ ಹೊತ್ತಿಗೆ ಅವಳಿಗೆ ಕನ್ನಡಿಯಲ್ಲಿ ತನ್ನ ಮುಖವೇ ಗುರುತು ಸಿಗದಷ್ಟು ಬುದ್ಧಿ ಕಲಕಿರುತ್ತದೆ. ಆ ಕಾಯಿಲೆಯಿಂದ ಅವಳು ಪೂರ್ತಿ ಚೇತರಿಸಿಕೊಳ್ಳುವುದೇ ಇಲ್ಲ. ಗಮನಾರ್ಹವಾದ ಮಾತೆಂದರೆ, ಇದೇ ನೆಲ್ಲಿ ತನ್ನ ಕಥನದ ಉದ್ದಕ್ಕೂ ಶಕುನಗಳನ್ನೂ ದುಃಸೂಚನೆಗಳನ್ನೂ ಬಿತ್ತುತ್ತ ಹೋಗುತ್ತಾಳೆ: ದಾರಿಗಲ್ಲಿನ ಬಳಿ ತನ್ನ ಬಾಲ್ಯದ ಒಡನಾಡಿಯೂ ಕ್ಯಾಥರಿನ್‌ಳ ಅಣ್ಣನೂ ಆದ ಹಿಂಡ್ಲಿಯ ಎಳೆಯ ರೂಪ ಕಂಡಂತಾಗಿ ಸಾವಿನ ಸೂಚನೆಯೇನೋ ಎಂದು ಅಂಜುತ್ತಾಳೆ, ಕೊನೆಯಲ್ಲಿ ಹೀತ್‌ಕ್ಲಿಫ್ ಮನುಷ್ಯನೋ ಪಿಶಾಚಿಯೋ, ಆಶ್ರಯ ಕೊಟ್ಟವರಿಗೇ ಕೇಡಾದ ಆ ಕರಿಯ ಕೂಸು ಎಲ್ಲಿಂದ ಬಂತೋ ಎಂದು ಯೋಚಿಸುತ್ತಾಳೆ. ಎಲ್ಲವೂ ಮೊದಲೇ ಬರೆದಿತ್ತೆಂಬ ಭಾವ ಓದುಗರ ಮನಸ್ಸಿನಲ್ಲಿ ಹರಡಿದಷ್ಟೂ ಅವಳ ಮೌನಗಳು ಹಿನ್ನೆಲೆಗೆ ಸರಿಯುತ್ತವೆ. ಅವಳು ಬೇಕೆಂದೇ ಹೀಗೆ ಮಾಡುತ್ತಾಳೆಂದು ಹೇಳಲು ಆಧಾರವಿಲ್ಲ. ತನ್ನ ಒಳ್ಳೆಯತನದ ಬಗೆಗೆ ಅವಳಿಗೆ ಕಿಂಚಿತ್ತೂ ಸಂದೇಹವಿಲ್ಲ, ಅವಳ ದೋಷವೂ ಅದೇ.

ಈ ಕೃತಿಯಲ್ಲಿ ವಿಧಿಯೆಂದು ತೋರುವ ಇನ್ನೊಂದು ಶಕ್ತಿಯನ್ನು ಸಿ. ಪಿ. ಸ್ಯಾಂಗರ್ ಎಂಬ ನ್ಯಾಯವಾದಿ 1926ರಲ್ಲಿ ಬಯಲಿಗೆ ತಂದ. ಕಾದಂಬರಿಯಲ್ಲಿ ಅಲ್ಲಲ್ಲಿ ಚದುರಿರುವ ಕಾಲಸೂಚನೆಗಳನ್ನು ಜೋಡಿಸಿ, ಹೀತ್‌ಕ್ಲಿಫ್ ಎರಡೂ ಆಸ್ತಿಗಳನ್ನು ಕೈವಶ ಮಾಡಿಕೊಂಡದ್ದು ಆ ಕಾಲದ ಆಸ್ತಿ ಕಾನೂನಿಗೆ ಎಷ್ಟು ಕರಾರುವಾಕ್ಕಾಗಿ ಹೊಂದುತ್ತದೆಂದು ಅವನು ತೋರಿಸಿದ. ನೆಲ್ಲಿಗೆ ಪೈಶಾಚಿಕವಾಗಿ ಕಂಡದ್ದು ವಾಸ್ತವದಲ್ಲಿ ಜೂಜುಕೋರ ಹಿಂಡ್ಲಿಯ ಅಡಮಾನ ಪತ್ರ ಮತ್ತು ಬಲವಂತದ ಒಂದು ಮದುವೆ. 1958ರಲ್ಲಿ ಜೇಮ್ಸ್ ಹಾಫ್ಲಿ ಎಂಬ ವಿಮರ್ಶಕ ಇನ್ನೂ ಮುಂದೆ ಹೋಗಿ ಈ ಕಾದಂಬರಿಯ ಖಳಪಾತ್ರ ನೆಲ್ಲಿಯೇ ಎಂದು ವಾದಿಸಿದ. ಇದು ಅತಿಯಾಯಿತು. ಅವಳನ್ನು ಖಳಳೆಂದು ಕರೆದೊಡನೆ ಓದುಗರ ಸಂಕಟ ಇಳಿದುಬಿಡುತ್ತದೆ. ಒಳ್ಳೆಯವಳೆಂದೇ ಉಳಿಸಿಕೊಂಡು ಅವಳ ಮೌನಗಳನ್ನು ಲೆಕ್ಕಹಾಕಬೇಕಾಗಿ ಬಂದಾಗ ಮಾತ್ರ ಕಾದಂಬರಿಯ ಬಿಗಿ ಉಳಿಯುತ್ತದೆ. ಹಾಗಿದ್ದರೂ, ಪ್ರಕಟವಾಗಿ 111 ವರ್ಷಗಳಾಗುವವರೆಗೆ ಇಂಥ ಪ್ರಶ್ನೆಯನ್ನು ಇಷ್ಟು ನೇರವಾಗಿ ಮುಂದಿಡಲು ಯಾರಿಗೂ ತೋಚದಿದ್ದದ್ದು ನೆಲ್ಲಿಯ ಕಥನಶಕ್ತಿಗೆ ಸಂದ ಗೌರವವೇ ಸರಿ.

ಮೌನದಿಂದ ವಂಚಿಸುವ ನೆಲ್ಲಿಯ ಎದುರಿಗೆ, ಮಾತಿನಿಂದಲೇ ಮುತ್ತಿಗೆ ಹಾಕುವ ಒಬ್ಬ ವಕೀಲನನ್ನು ಬ್ರೆಜಿಲಿನ ಸಾಹಿತ್ಯ ನಿಲ್ಲಿಸಿದೆ. ಮಶಾದೊ ದ ಅಸ್ಸಿಸ್ 1839ರಲ್ಲಿ ರಿಯೊ ದ ಜನೈರೊದಲ್ಲಿ ಹುಟ್ಟಿದವನು. ಅವನ ತಂದೆಯ ಹೆತ್ತವರು ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ಅವನು ಮುಂದೆ ಬ್ರೆಜಿಲಿನ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷನಾದ. ಅವನ ‘ದೊಂ ಕಸ್ಮುರ್ರೊ’ ಕಾದಂಬರಿ 1899ರ ಮುದ್ರೆ ಹೊತ್ತು ಹೊರಬಂತು. ಇದರ ನಿರೂಪಕ ಬೆಂತೊ ಸಾಂತಿಯಾಗೊ, ವಯಸ್ಸಾದ, ಒಂಟಿಯಾದ, ಅನುಕೂಲಸ್ಥ ವಕೀಲ. ಬಾಲ್ಯದ ಮನೆಯ ತದ್ರೂಪವನ್ನು ಬೇರೊಂದು ಬಡಾವಣೆಯಲ್ಲಿ ಕಟ್ಟಿಸಿಕೊಂಡು, ಅದರಲ್ಲಿ ಕುಳಿತು ಅವನು ತನ್ನ ಕಥೆ ಬರೆಯುತ್ತಾನೆ: ಮಗನನ್ನು ಪಾದ್ರಿಯಾಗಿಸುವೆನೆಂದು ಹರಕೆ ಹೊತ್ತ ತಾಯಿ, ಪಕ್ಕದ ಮನೆಯ ಕಪಿತು ಎಂಬ ಹುಡುಗಿಯ ಪ್ರೀತಿ, ಪಾದ್ರಿಗಳ ತರಬೇತಿ ಶಾಲೆಯಲ್ಲಿ ಸಿಕ್ಕ ಗೆಳೆಯ ಎಸ್ಕೊಬಾರ್, ಹರಕೆಯಿಂದ ಬಿಡುಗಡೆ, ಮದುವೆ, ತಡವಾಗಿ ಹುಟ್ಟಿದ ಮಗ ಎಜೆಕಿಯೆಲ್. ಆ ಮಗ ಬೆಳೆಯುತ್ತ ಎಸ್ಕೊಬಾರ್‌ನ ಪ್ರತಿರೂಪವಾಗಿ ಕಾಣತೊಡಗಿದನೆಂಬುದೇ ಬೆಂತೊನ ಆರೋಪ, ಸಾಕ್ಷ್ಯ, ತೀರ್ಪು ಎಲ್ಲವೂ.

ಇಲ್ಲಿಯೂ ಕಥೆಯ ತಿರುವು ಮರೆಯಲ್ಲಿ ನಿಂತು ಕೇಳಿಸಿಕೊಂಡ ಮಾತಿನಿಂದಲೇ ಆಗುತ್ತದೆ. 1857ರ ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಬಾಗಿಲ ಹಿಂದೆ ನಿಂತ ಹುಡುಗ, ಮನೆಯ ಆಶ್ರಿತ ಜೊಜೆ ದಿಯಾಸ್ ತನ್ನ ತಾಯಿಗೆ, ಮಗನೂ ಪಕ್ಕದ ಮನೆಯ ಹುಡುಗಿಯೂ ಮೂಲೆಯಲ್ಲಿ ಪಿಸುಗುಡುತ್ತಾರೆಂದು ದೂರುವುದನ್ನು ಕೇಳುತ್ತಾನೆ. ತಾನು ಪ್ರೀತಿಸುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುವುದೇ ಆ ಚಾಡಿಯಿಂದ. ಕಪಿತುವಿನ ಕಣ್ಣುಗಳು ವಂಚಕಿಯ ಕಣ್ಣುಗಳು ಎಂಬ ಕಲ್ಪನೆಯೂ ಅದೇ ಆಶ್ರಿತನ ಬಾಯಿಂದ ಬಂದದ್ದು. ತನ್ನ ಪ್ರೀತಿಯನ್ನೂ ತನ್ನ ಸಂಶಯವನ್ನೂ ಇನ್ನೊಬ್ಬರಿಂದ ಕಡ ತಂದ ಮನುಷ್ಯ ಅವನು.

ವಿಧಿಯ ಬಗೆಗೆ ಬೆಂತೊನಿಗೆ ಒಂದು ಸಿದ್ಧಾಂತವೇ ಇದೆ. ವಿಧಿ ಒಬ್ಬ ನಾಟಕಕಾರ, ಮುಂದಿನ ತಿರುವನ್ನು ಮೊದಲೇ ಹೇಳುವುದಿಲ್ಲ; ಅಷ್ಟೇ ಅಲ್ಲ, ನಟರ ಪ್ರವೇಶವನ್ನೂ ಬೇಕಾದ ಸಾಮಾನುಗಳನ್ನೂ ಸಕಾಲಕ್ಕೆ ಒದಗಿಸುವ ರಂಗವ್ಯವಸ್ಥಾಪಕನೂ ಅದೇ ಎಂದು ಅವನು ಅಧ್ಯಾಯ ಬರೆದು ವಿವರಿಸುತ್ತಾನೆ. ನಾಟಕಗಳು ಕೊನೆಯಿಂದ ಆರಂಭವಾಗಬೇಕು, ಒಥೆಲೊ ಮೊದಲ ಅಂಕದಲ್ಲೇ ಹೆಂಡತಿಯನ್ನೂ ತನ್ನನ್ನೂ ಕೊಂದುಕೊಳ್ಳಬೇಕು ಎಂಬ ಸಲಹೆಯನ್ನೂ ಕೊಡುತ್ತಾನೆ. ತಮಾಷೆಯಂತೆ ಕಾಣುವ ಈ ಸಲಹೆಯೇ ಅವನ ಪುಸ್ತಕದ ಗುಟ್ಟು. ತೀರ್ಪನ್ನು ಮೊದಲು ಕೊಟ್ಟು, ಅದಕ್ಕೆ ತಕ್ಕ ಘಟನೆಗಳನ್ನು ಬಾಲ್ಯದಿಂದ ಆಯ್ದು ತಂದು, ಅವು ಬಂದ ಕ್ರಮಕ್ಕೆ ವಿಧಿಯೆಂದು ಹೆಸರಿಟ್ಟವನು ಅವನೇ. ಎಸ್ಕೊಬಾರ್ 1871ರಲ್ಲಿ ಸಮುದ್ರದಲ್ಲಿ ಈಜಲು ಹೋಗಿ ಮುಳುಗಿ ಸಾಯುತ್ತಾನೆ. ಶವದ ಮುಂದೆ ಕಪಿತು ಒಂದು ಕ್ಷಣ ನೆಟ್ಟ ನೋಟದಿಂದ ನಿಂತಳು, ಕೆಲವು ಹನಿ ಕಣ್ಣೀರು ಉರುಳಿದವು. ಸಾವಿನ ಮನೆಯಲ್ಲಿ ಸಹಜವಾದ ಇಷ್ಟೇ ಸಂಗತಿ ಬೆಂತೊನ ದೃಷ್ಟಿಯಲ್ಲಿ ತಪ್ಪೊಪ್ಪಿಗೆಯಾಗುತ್ತದೆ. ಹಿಂದಿನ ರಾತ್ರಿ ಎಸ್ಕೊಬಾರ್‌ನ ಹೆಂಡತಿ ಸಾಂಶಾಳ ಕೈ ಹಿಡಿದಾಗ ತನ್ನ ಮನಸ್ಸೇ ಚಂಚಲವಾಗಿತ್ತೆಂಬುದನ್ನು ಅವನು ಮರೆಮಾಚುವುದಿಲ್ಲ, ಆದರೆ ಆ ಎರಡು ಸಂಗತಿಗಳ ನಡುವೆ ಗೆರೆ ಎಳೆಯುವ ಕೆಲಸವನ್ನು ಓದುಗರಿಗೆ ಬಿಡುತ್ತಾನೆ. ರಂಗಮಂದಿರದಲ್ಲಿ ‘ಒಥೆಲೊ’ ನೋಡಿ ಬಂದವನು ಪಡೆಯುವ ಅರ್ಥವಂತೂ ವಿಲಕ್ಷಣವಾದದ್ದು: ನಿರಪರಾಧಿ ಹೆಂಡತಿಯನ್ನು ಸಂಶಯದಿಂದ ಕೊಂದ ಗಂಡನ ದುರಂತವನ್ನು ಕಂಡು, ನಿರಪರಾಧಿಗೇ ಇಷ್ಟಾದರೆ ಅಪರಾಧಿಯಾದ ಕಪಿತುವಿಗೆ ಏನಾಗಬೇಕು ಎಂದು ಅವನು ಲೆಕ್ಕ ಹಾಕುತ್ತಾನೆ.

ಇಷ್ಟಾದರೂ ಲೇಖಕ ಈ ವಕೀಲನ ಕಡತದಲ್ಲೇ ಪ್ರತಿಪಕ್ಷದ ದಾಖಲೆಯೊಂದನ್ನು ಅಡಗಿಸಿಟ್ಟಿದ್ದಾನೆ. ಬೆಂತೊ ಇನ್ನೂ ಹುಡುಗನಾಗಿದ್ದಾಗ ಸಾಂಶಾಳ ತಂದೆ ಗೋಡೆಯ ಮೇಲಿದ್ದ ತನ್ನ ಹೆಂಡತಿಯ ಚಿತ್ರವನ್ನು ತೋರಿಸಿ, ಅದು ಕಪಿತುವನ್ನು ಎಷ್ಟು ಹೋಲುತ್ತದೆ ನೋಡೆಂದೂ, ಬಾಳಿನಲ್ಲಿ ಕಾರಣವಿಲ್ಲದೆ ಇಂಥ ವಿಚಿತ್ರ ಹೋಲಿಕೆಗಳಿರುತ್ತವೆಂದೂ ಹೇಳಿರುತ್ತಾನೆ. ರಕ್ತಸಂಬಂಧವೇ ಇಲ್ಲದ ಇಬ್ಬರ ಈ ಹೋಲಿಕೆ ಹಾದುಹೋಗುವ ಪ್ರಸಂಗವಾಗಿ ಬಂದು ಹೋಗುತ್ತದೆ. ಮುಂದೆ ಹೋಲಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಹೆಂಡತಿಯನ್ನೂ ಮಗನನ್ನೂ ಸ್ವಿಟ್ಜರ್ಲೆಂಡಿಗೆ ಸಾಗಹಾಕುವಾಗ ಬೆಂತೊ ಇದನ್ನು ನೆನೆದರೂ ಅದಕ್ಕೆ ಬೆಲೆ ಕೊಡುವುದಿಲ್ಲ, ಬಹುಪಾಲು ಓದುಗರೂ ಕೊಡಲಿಲ್ಲ. ಹೆಲೆನ್ ಕಾಲ್ಡ್‌ವೆಲ್ ಎಂಬ ಅಮೆರಿಕದ ವಿದುಷಿ 1960ರಲ್ಲಿ ಈ ಕಾದಂಬರಿಯನ್ನು ‘ಒಥೆಲೊ’ದೊಡನೆ ಇಟ್ಟು ನೋಡಿ, ಕಪಿತು ನಿರಪರಾಧಿಯೆಂದು ವಾದಿಸುವವರೆಗೆ, ಸುಮಾರು 60 ವರ್ಷಗಳ ಕಾಲ ಅವಳ ಅಪರಾಧ ಸಿದ್ಧವಾದ ವಿಷಯವೆಂಬಂತೆಯೇ ಸಾಮಾನ್ಯವಾಗಿ ಓದು ಸಾಗಿಬಂದಿತ್ತು. ಕಾಲ್ಡ್‌ವೆಲ್‌ಳ ವಾದ ಓದಿನ ದಿಕ್ಕನ್ನೇ ಬದಲಿಸಿತೆಂಬುದು ನಿಜ. ಆದರೆ ಕಪಿತುವನ್ನು ಬಿಡುಗಡೆ ಮಾಡುವವರೂ ಅವಳನ್ನು ಕಂಡಿರುವುದು ಬೆಂತೊನ ಕಣ್ಣಿನಿಂದ ಮಾತ್ರ ಎಂಬುದನ್ನು ಮರೆಯುವಂತಿಲ್ಲ. ಅವಳು ತನ್ನ ಪರವಾಗಿ ಬರೆದ ಒಂದು ಪುಟವೂ ಪುಸ್ತಕದಲ್ಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಬೆಂತೊ, ತನ್ನ ಮೊದಲ ಗೆಳತಿಯೂ ಅತ್ಯಂತ ದೊಡ್ಡ ಗೆಳೆಯನೂ ಒಂದಾಗಿ ತನ್ನನ್ನು ವಂಚಿಸಲೆಂಬುದು ವಿಧಿಯ ಇಚ್ಛೆಯಾಗಿತ್ತೆಂದು ಬರೆದು, ಸತ್ತವರಿಗೆ ಮಣ್ಣು ಹಗುರಾಗಲೆಂದು ಹಾರೈಸಿ, ಇನ್ನು ತಾನು ರಿಯೊದ ಉಪನಗರಗಳ ಇತಿಹಾಸವನ್ನು ಬರೆಯಲು ತೊಡಗುವೆನೆನ್ನುತ್ತಾನೆ. ಆ ಇತಿಹಾಸವನ್ನೇ ಅವನು ಮೊದಲು ಬರೆಯಬೇಕೆಂದಿದ್ದವನು. ಅದಕ್ಕೆ ದಾಖಲೆಗಳೂ ತಾರೀಖುಗಳೂ ಬೇಕು, ಬಹಳ ಶ್ರಮದ ಕೆಲಸವೆಂದು ಅದನ್ನು ಬದಿಗಿಟ್ಟು, ತನ್ನ ಬಾಳಿನ ಕಥೆಯನ್ನು ಕೈಗೆತ್ತಿಕೊಂಡದ್ದಾಗಿ ಎರಡನೆಯ ಅಧ್ಯಾಯದಲ್ಲೇ ಹೇಳಿದ್ದ.